ಹೆಸರು ಹಿಡಿದು ಬೇಡಿಕೊಳ್ಳುವುದು

ಪುಣೆಯ ಖಡಕಿ ಕಡೆ ಇದ್ದ ನಮ್ಮ ಕನ್ನಡ ಶಾಲೆಯಲ್ಲಿ ಮೊದಲ ಗಂಟೆ ಹೊಡೆಯುವ ಹದಿನೈದು ನಿಮಿಷ ಮುಂಚೆ ಕ್ರೈಸ್ತ ಮಕ್ಕಳು ಮೂಲೆಯ ಕೋಣೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ಬಹುಪಾಲು ಮಕ್ಕಳ ಮನೆಯವರು ಗದಗ-ಬೆಟಗೇರಿ, ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಮದ್ದುಗುಂಡಿನ ಕಾರ್ಖಾನೆ, ರೈಲ್ವೆ, ಆಸ್ಪತ್ರೆ ಕೆಲಸಕ್ಕೆ ಬಂದವರು. ಮಂಗಳೂರಿನ ಕಥೋಲಿಕ ಮಕ್ಕಳೂ ಕೆಲವರಿದ್ದರು. ಆ ಹದಿನೈದು ನಿಮಿಷದಲ್ಲಿ ನಮ್ಮ ಅಕ್ಕೋರು, ಅಂದರೆ ಶಿಕ್ಷಕಿ, ಕಲಿಸಿದ್ದನ್ನು ಈಗಿನ ಮಕ್ಕಳ ಕೈಗೂ ಸಿಗುವಂತೆ ಇಲ್ಲಿ ಬರೆದಿಡುತ್ತಿದ್ದೇನೆ.

'ನಮಗೆ ಪ್ರಾರ್ಥನೆ ಮಾಡುವುದನ್ನು ಕಲಿಸು' ಎಂದು ಶಿಷ್ಯರಲ್ಲೊಬ್ಬನು ಯೇಸುವನ್ನು ಕೇಳಿದನು ಅಂತ ಬೈಬಲಿನ ಲೂಕ 11ರಲ್ಲಿದೆ. ಅಕ್ಕೋರು ಶುರುಮಾಡುತ್ತಿದ್ದದ್ದು ಅಲ್ಲಿಂದಲೇ. ಆ ಶಿಷ್ಯರು ಚಿಕ್ಕಂದಿನಿಂದ ಸಭಾಮಂದಿರದಲ್ಲಿ ಕೀರ್ತನೆ ಕೇಳುತ್ತ ಬೆಳೆದ ಯೆಹೂದ್ಯರು. ಅಂಥವರೇ ಕಲಿಯಬೇಕಾಯಿತು ಅಂದಮೇಲೆ, ಮನಸ್ಸು ತಾನಾಗಿ ತುಂಬಿ ಬರಲಿ ಎಂದು ಕಾಯುತ್ತ ಕೂತರೆ ಪ್ರಾರ್ಥನೆ ಯಾವತ್ತೂ ಆಗುವುದಿಲ್ಲ. ಹೊತ್ತು ಗೊತ್ತುಮಾಡಿಕೋ, ಜಾಗ ಗೊತ್ತುಮಾಡಿಕೋ, ಆಮೇಲೆ ಬಾಯಿ ತೆರೆ: ಇದು ಮೊದಲ ಪಾಠ. ದಾನಿಯೇಲನಿಗೆ ದಿನಕ್ಕೆ ಮೂರು ಹೊತ್ತು, ಯೆರೂಸಲೇಮಿನ ಕಡೆ ತೆರೆದ ಕಿಟಕಿ ಇತ್ತು. ನಮಗೆ ಬೆಳಗ್ಗೆ ಹತ್ತು ನಿಮಿಷ ಸಾಕು, ಆದರೆ ದಿನಾ ಅದೇ ಹತ್ತು ನಿಮಿಷ ಆಗಬೇಕು. ಅರ್ಧ ತಾಸು ಮಾಡುತ್ತೇನೆಂದು ಹಟ ಹಿಡಿದವರು ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ.

ಆಮೇಲೆ ಕರ್ತನ ಪ್ರಾರ್ಥನೆ, ಅಂದರೆ ಯೇಸುವೇ ಶಿಷ್ಯರಿಗೆ ಹೇಳಿಕೊಟ್ಟದ್ದು. ಒಂದೇ ಉಸಿರಿಗೆ ಓಡಿಸಿದರೆ ಅರ್ಧ ನಿಮಿಷವೂ ಬೇಡ. ಅಕ್ಕೋರು ಅದನ್ನು ಏಳು ತುಂಡು ಮಾಡಿಸಿ, ಪ್ರತಿ ತುಂಡಿನ ನಂತರ ಒಂದು ಪೂರ್ಣ ಉಸಿರಿನಷ್ಟು ಸುಮ್ಮನಿರಿಸುತ್ತಿದ್ದರು. ಹೀಗೆ ಮಾಡಿದರೆ ಕ್ರಮ ಕಣ್ಣಿಗೆ ಬೀಳುತ್ತದೆ. ಮತ್ತಾಯ 6ರಲ್ಲಿ ಮೊದಲ ಮೂರು ಬೇಡಿಕೆ ದೇವರ ನಾಮ, ರಾಜ್ಯ, ಚಿತ್ತದವು. ಊಟದ ಮಾತು ನಾಲ್ಕನೆಯದು. ನಮ್ಮ ಪ್ರಾರ್ಥನೆ ಕೆಡುವುದು ಹೆಚ್ಚಾಗಿ ಇಲ್ಲೇ. ನಾಲ್ಕರಿಂದ ಶುರುಮಾಡಿ ನಾಲ್ಕರಲ್ಲೇ ಮುಗಿಸುತ್ತೇವೆ. ಐದನೆಯದಾದ ಕ್ಷಮೆಗೆ ಮಾತ್ರ ಒಂದು ಕಟ್ಟು ಇದೆ: ನಾವು ಇನ್ನೊಬ್ಬರನ್ನು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂದು ಬೇಡುತ್ತೇವೆ. ಪ್ರಾರ್ಥನೆ ಹೇಳಿಕೊಟ್ಟ ಮೇಲೆ ಯೇಸು ತಿರುಗಿ ಬಿಡಿಸಿ ಹೇಳಿದ್ದೂ ಈ ಒಂದು ಮಾತನ್ನೇ. ಆ ತುಂಡಿನ ನಂತರ ಉಳಿದವುಗಳಿಗಿಂತ ಹೆಚ್ಚು ಹೊತ್ತು ಮೌನ ಇರುತ್ತಿತ್ತು. ಹಿಂದಿನ ದಿನ ಜಗಳವಾಡಿದವರ ಮುಖ ಆಗ ಎದುರಿಗೆ ಬಂದು ನಿಲ್ಲುತ್ತದೆ. ಬರಲಿ, ಅದಕ್ಕೇ ಆ ಮೌನ.

ಪ್ರಾರ್ಥನೆಯ ಕೊನೆ ನಮ್ಮ ಕೋಣೆಯಲ್ಲಿ ಎರಡು ಕಡೆ ಆಗುತ್ತಿತ್ತು. ಕಥೋಲಿಕ ಮಕ್ಕಳು ಕೇಡಿನಿಂದ ತಪ್ಪಿಸು ಎಂಬಲ್ಲಿ ನಿಲ್ಲುತ್ತಿದ್ದರು; ಉಳಿದವರು 'ರಾಜ್ಯವೂ ಬಲವೂ ಮಹಿಮೆಯೂ' ಎಂದು ಮುಂದುವರಿಯುತ್ತಿದ್ದರು. ಮತ್ತಾಯನ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಆ ಕೊನೆಯ ಸಾಲು ಇಲ್ಲ. ಆದರೆ ಸಭೆ ಬಹಳ ಹಿಂದಿನಿಂದಲೂ ಅದನ್ನು ಹೇಳುತ್ತ ಬಂದಿದೆ. ಕಥೋಲಿಕರ ಪೂಜೆಯಲ್ಲೂ ಗುರುಗಳ ಒಂದು ಪ್ರಾರ್ಥನೆಯ ನಂತರ ಜನರು ಅದನ್ನು ಹೇಳುತ್ತಾರೆ. ಯಾರದೂ ತಪ್ಪಲ್ಲ ಎಂದು ಅಕ್ಕೋರು ಇದನ್ನು ಬಿಡಿಸಿ ಹೇಳಿದ್ದರು. ಜಪಮಾಲೆ ಹಿಡಿದ ಮಕ್ಕಳನ್ನು ಯಾರಾದರೂ 'ಅದೇ ಮಾತು ಎಷ್ಟು ಸಲ?' ಎಂದು ಕೆಣಕಿದರೆ, ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟವನ್ನು ತೋರಿಸುತ್ತಿದ್ದರು. ಅಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದನು. ಯೇಸು ಬೇಡವೆಂದದ್ದು ಮಾತು ಹೆಚ್ಚಾದರೆ ದೇವರು ಕೇಳುತ್ತಾನೆಂಬ ಲೆಕ್ಕಾಚಾರವನ್ನು.

ಎಲ್ಲರ ಮುಂದೆ ನಿಂತು ಪ್ರಾರ್ಥಿಸುವವರಿಗೆ ಬೇರೆಯೇ ಕಟ್ಟುನಿಟ್ಟು. ಎರಡು ನಿಮಿಷ ದಾಟಬಾರದು. ಕೊನೆಯ ಬೆಂಚಿಗೆ ಕೇಳಬೇಕು. ಕೇಳದಿದ್ದರೆ ಅಲ್ಲಿದ್ದವರು ಹೇಗೆ ಆಮೆನ್ ಅಂದಾರು? ಆಮೆನ್ ಅಂದರೆ ಹಾಗೆಯೇ ಆಗಲಿ ಎಂದು ರುಜು ಹಾಕಿದಂತೆ. ಆ ಹೊತ್ತಿಗೆ 'ನಾನು' ಹೋಗಿ 'ನಾವು' ಬರಬೇಕು. ಉಸಿರಿಗೊಮ್ಮೆ 'ಕರ್ತನೇ, ಕರ್ತನೇ' ಅನ್ನುವುದು ಮುಂದಿನ ಮಾತು ಹೊಳೆಯದಾಗ ಬರುವ ಚಾಳಿ. ಅಲ್ಲಿ ಸುಮ್ಮನೆ ತಡೆದರೆ ಸಾಕು. ಇನ್ನು ಕೆಲವರು ಕಣ್ಣು ಮುಚ್ಚಿಕೊಂಡು ಪಕ್ಕದವರಿಗೇ ಬುದ್ಧಿ ಹೇಳುತ್ತಿರುತ್ತಾರೆ. ಅಕ್ಕೋರು ಮಧ್ಯದಲ್ಲೇ ನಿಲ್ಲಿಸಿ, 'ದೇವರಿಗೆ ಭಾಷಣ ಬ್ಯಾಡಪ್ಪಾ, ಮಾತು ಹೇಳು' ಅನ್ನುತ್ತಿದ್ದರು. ಒಬ್ಬರ ಕಾಯಿಲೆ, ಮನೆಯ ಜಗಳ, ಸಾಲ ಇವನ್ನು ಅವರ ಒಪ್ಪಿಗೆ ಇಲ್ಲದೆ ಹೆಸರು ಹೇಳಿ ಬೇಡುವುದನ್ನಂತೂ ಅವರು ಸಹಿಸುತ್ತಿರಲಿಲ್ಲ. ಪ್ರಾರ್ಥನೆಯ ವೇಷದಲ್ಲಿ ಓಡಾಡುವ ಚಾಡಿಯೇ ಒಂದು ಸಭೆಯನ್ನು ಒಡೆಯಬಲ್ಲದು.

ಒಬ್ಬರೇ ಇರುವಾಗ ಮಾತ್ರ ಹೆಸರು ಬೇಕೇ ಬೇಕು. 'ಎಲ್ಲಾ ರೋಗಿಗಳನ್ನು ಗುಣಪಡಿಸು' ಎಂಬ ಪ್ರಾರ್ಥನೆಗೆ ಉತ್ತರ ಬಂತೋ ಇಲ್ಲವೋ ಗೊತ್ತಾಗುವ ದಾರಿಯೇ ಇಲ್ಲ; ಬೇಡಿದವರೂ ಮರೆತುಬಿಡುತ್ತಾರೆ. ಅದಕ್ಕೆ ಒಂದು ನೋಟುಪುಸ್ತಕ. ಪುಟಕ್ಕೆ ಐದು ಅಂಕಣ: ತಾರೀಖು, ಹೆಸರು, ಬೇಡಿಕೆ, ನನ್ನ ಪಾಲು, ಉತ್ತರ ಬಂದ ತಾರೀಖು. ಬೇಡಿಕೆ ಒಂದೇ ಸಾಲಿನಲ್ಲಿರಬೇಕು. ನಾಲ್ಕನೆಯ ಅಂಕಣ ಎಂದೂ ಖಾಲಿ ಇರಬಾರದು. ಜ್ವರದಲ್ಲಿ ಮಲಗಿದ ಗೆಳೆಯನಿಗಾಗಿ ಬೇಡಿದರೆ ಅಲ್ಲಿ 'ಗಣಿತದ ಪಾಠ ಬರೆದುಕೊಡುವುದು' ಅಂತಿರಬೇಕು. ಕೆಲಸ ಹೋದ ಅಪ್ಪನಿಗಾಗಿ ಬೇಡಿದರೆ 'ಹೊಸ ಚಪ್ಪಲಿ ಕೇಳದಿರುವುದು' ಎಂದಾದರೂ ಇರಬೇಕು. ಏನೂ ಮಾಡಲಾಗದ ಕಡೆ 'ಹೋಗಿ ಪಕ್ಕದಲ್ಲಿ ಕೂರುವುದು'. ನನಗೆ ತಿಳಿದಂತೆ ಅವರ ಪಾಠದ ಜೀವ ಈ ಅಂಕಣದಲ್ಲಿತ್ತು.

ಈ ಪುಸ್ತಕವೂ ಕೆಡುತ್ತದೆ. ಹೆಸರು ಅರವತ್ತಾದಾಗ ಪ್ರಾರ್ಥನೆ ಹಾಜರಿ ಕರೆದ ಹಾಗಾಗುತ್ತದೆ. ಆಗ ವಾರದ ದಿನಗಳಿಗೆ ಹಂಚಬೇಕು: ಮನೆಯವರಂಥ ಮೂರು ಹೆಸರು ದಿನಾ, ಉಳಿದವು ದಿನಕ್ಕೆ ಒಂಬತ್ತೋ ಹತ್ತೋ. ಭಾನುವಾರ ಬೇಡಿಕೆಯೇ ಬೇಡ, ಐದನೆಯ ಅಂಕಣ ತುಂಬಿದ ಸಾಲುಗಳನ್ನು ಓದಿ ಸ್ತೋತ್ರ ಸಲ್ಲಿಸುವುದು.

ಬೇಡುವುದರ ಜೊತೆ ತನ್ನ ಪಾಲನ್ನೂ ಮಾಡುವುದಕ್ಕೆ ನಮ್ಮ ಊರಿನ ಸಮೀಪದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ದೌಂಡ್ ಮಾರ್ಗದ ಕೇಡಗಾವ್ ನಿಲ್ದಾಣದಲ್ಲಿಳಿದರೆ ಪಂಡಿತಾ ರಮಾಬಾಯಿಯವರು ನಿರಾಶ್ರಿತ ಹೆಂಗಸರಿಗಾಗಿ ಕಟ್ಟಿದ ಮುಕ್ತಿ ಸದನ. 1858ರಲ್ಲಿ ನಮ್ಮ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು ಅವರು. 1905ರ ಆರಂಭದಲ್ಲಿ ಅವರು ದಿನಾ ಪ್ರಾರ್ಥನೆಗೆ ಬರುವಿರಾ ಎಂದು ಕೇಳಿದಾಗ ಮುಂದೆ ಬಂದವರು ಸುಮಾರು 70 ಮಂದಿ. ಜೂನ್ ಹೊತ್ತಿಗೆ 500ಕ್ಕೂ ಹೆಚ್ಚು ಹೆಂಗಸರು, ಹುಡುಗಿಯರು ದಿನಕ್ಕೆ ಎರಡು ಸಲ ಸೇರುತ್ತಿದ್ದರು. ಆ ತಿಂಗಳ ಕೊನೆಗೆ ಅಲ್ಲಿ ಕಾಣಿಸಿಕೊಂಡ ಉಜ್ಜೀವನದ, ಅಂದರೆ ಭಕ್ತಿಯ ಹೊಸ ಎಚ್ಚರದ, ಮಾತನ್ನೇ ಎಲ್ಲರೂ ಹೇಳುತ್ತಾರೆ. ಅಕ್ಕೋರು ಅದರ ಜೊತೆಗೆ ಇನ್ನೊಂದನ್ನು ಹೇಳುತ್ತಿದ್ದರು: ಅಲ್ಲಿದ್ದ ಅನೇಕರು ಬರಗಾಲದಿಂದ ಬದುಕಿ ಬಂದವರು, ವಿಧವೆಯರು; ಇವರಿಗಾಗಿ ರಮಾಬಾಯಿ ಬೇಡಿದ್ದಷ್ಟೇ ಅಲ್ಲ, ಅನ್ನ, ಅಕ್ಷರ, ಕೈಕಸುಬು ಕೊಟ್ಟರು. ಅವರು ಮೂಲಭಾಷೆಗಳಿಂದ ಮರಾಠಿಗೆ ತಂದ ಬೈಬಲ್, 1922ರಲ್ಲಿ ಅವರು ತೀರಿಕೊಂಡ ಮೇಲೆ, 1924ರಲ್ಲಿ ಅದೇ ಸದನದ ಮುದ್ರಣಾಲಯದಿಂದ ಹೊರಬಂತು. ನಾಲ್ಕನೆಯ ಅಂಕಣ ಎಷ್ಟು ದೊಡ್ಡದಾಗಬಹುದು ಎಂದು ಅಲ್ಲಿ ನೋಡಬಹುದು.

ಉತ್ತರವೇ ಬಾರದ ಸಾಲುಗಳೂ ಇರುತ್ತವೆ. ಅವುಗಳ ಮುಂದೆ 'ದೇವರ ಚಿತ್ತ' ಎಂದು ಬರೆದು ಮುಗಿಸಲು ಅಕ್ಕೋರು ಬಿಡುತ್ತಿರಲಿಲ್ಲ. ಅಪೊಸ್ತಲ ಪೌಲನು ತನ್ನ ಮೈಯಲ್ಲಿನ ಶೂಲ, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ಹೋಗಲೆಂದು ಮೂರು ಸಲ ಬೇಡಿಕೊಂಡನು. ಶೂಲ ಹೋಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಮಾತು ಬಂತು. ಆದರೆ ಅದು ಪೌಲನಿಗೆ ದೇವರೇ ಹೇಳಿದ ಮಾತು. ಮಗುವನ್ನು ಕಳೆದುಕೊಂಡ ತಾಯಿಗೆ ನಾವು ಹೋಗಿ ಅದನ್ನು ಹೇಳಬಾರದು. ಅಂಥ ಮನೆಯಲ್ಲಿ ಓದಲು 88ನೆಯ ಕೀರ್ತನೆ ಇದೆ. ಅದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಕೊನೆಗೂ ಬರುವುದಿಲ್ಲ. ಅದೂ ಬೈಬಲಿನೊಳಗಿನ ಪ್ರಾರ್ಥನೆಯೇ.

ಮನೆಯ ಪ್ರಾರ್ಥನೆಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಊಟಕ್ಕೆ ಮುಂಚೆ ಇಟ್ಟುಕೊಳ್ಳಿ, ಉಂಡಮೇಲೆ ಮಕ್ಕಳು ತೂಕಡಿಸುತ್ತವೆ. ಒಂದು ಹಾಡಿನ ಎರಡು ಚರಣ, ಕೀರ್ತನೆಯ ಏಳೆಂಟು ವಚನ, ಒಬ್ಬರ ಪ್ರಾರ್ಥನೆ, ಎಲ್ಲರ ಕರ್ತನ ಪ್ರಾರ್ಥನೆ, ಹನ್ನೆರಡು ನಿಮಿಷ. ಪಾಳಿಯ ಕೆಲಸಕ್ಕೆ ಹೋದವರಿಗಾಗಿ ಕಾಯಬೇಡಿ, ಅವರ ಹೆಸರು ಹೇಳಿ ಮುಗಿಸಿ.

ನೋಟುಪುಸ್ತಕ ತುಂಬಿದಾಗ ಐದನೆಯ ಅಂಕಣ ಖಾಲಿ ಉಳಿದ ಹೆಸರುಗಳನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಕೈಯಾರೆ ಬರೆದುಕೊಳ್ಳಬೇಕು, ಹಳೆಯ ತಾರೀಖಿನ ಸಮೇತ. ಹಳೆಯ ಪುಸ್ತಕದಲ್ಲಿ ಬೇರೆಯವರ ಗುಟ್ಟುಗಳಿರುವುದರಿಂದ ಅದನ್ನು ರದ್ದಿಗೆ ಹಾಕದೆ ಹರಿದು ಸುಡಬೇಕು. ಸುಡುವ ಮುಂಚೆ, ಯಾವ ಹೆಸರೂ ಬಿಟ್ಟುಹೋಗಿಲ್ಲ ಎಂದು ಇನ್ನೊಮ್ಮೆ ತಾಳೆ ನೋಡಬೇಕು.