ಪುಣೆಯ ಅರಮನೆಯಲ್ಲಿ ಕಸ್ತೂರಬಾ

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಬೆಳಗಾಗುವಷ್ಟರಲ್ಲಿ ಪುಣೆ. ಜೊತೆಗೆ ಅತ್ತೆ ಇದ್ದರು. ಶನಿವಾರವಾಡಾ, ದಗಡೂಶೇಟ್ ಗಣಪತಿ ಎಲ್ಲರೂ ನೋಡುವಂಥವೇ, ಅವನ್ನು ಬೇಗ ಮುಗಿಸಿದೆವು. ಆಮೇಲೆ ಆಟೋ ಹಿಡಿದು ಯೆರವಡಾ ಕಡೆಗೆ, ನಗರ ರಸ್ತೆಯಲ್ಲಿರುವ ಆಗಾ ಖಾನ್ ಅರಮನೆಗೆ ಹೋದೆವು.

ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲಿ ಅಂತ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಮೂರನೇ ಆಗಾ ಖಾನ್ 1892ರಲ್ಲಿ ಕಟ್ಟಿಸಿದ್ದಂತೆ. ಎತ್ತರದ ಕಮಾನುಗಳು, ಉದ್ದನೆಯ ಪಡಸಾಲೆ, ಸುತ್ತ ಹುಲ್ಲುಹಾಸು. ಜೈಲು ಅಂದರೆ ನಂಬುವುದೇ ಕಷ್ಟ. ಕ್ವಿಟ್ ಇಂಡಿಯಾ ಚಳವಳಿಯ ಹೊತ್ತಲ್ಲಿ, 1942ರ ಆಗಸ್ಟ್‌ನಲ್ಲಿ, ಗಾಂಧಿ ಮತ್ತು ಜೊತೆಯವರನ್ನು ತಂದು ಕೂಡಿಟ್ಟಿದ್ದು ಇಲ್ಲೇ. ಒಂದು ವಾರವೂ ಕಳೆಯದೆ ಗಾಂಧಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ತೀರಿಕೊಂಡರು. ಕಸ್ತೂರಬಾ ಇಲ್ಲಿಂದ ಹೊರಗೆ ಬರಲೇ ಇಲ್ಲ.

ಒಳಗೆ ಫೋಟೋಗಳು, ಗಾಂಧಿ ಇದ್ದ ಕೋಣೆ. ಬಂದವರೆಲ್ಲ ಗಾಂಧಿಯನ್ನು ನೋಡಿ ಹೋಗುತ್ತಾರೆ. ನನಗೆ ಅದೇ ಬೇಜಾರು. ಈ ಜಾಗ ‘ಬಾ’ ಅವರದ್ದು, ಅಂದರೆ ಕಸ್ತೂರಬಾ ಅವರದ್ದು, ಅಲ್ವಾ? ಪೋರಬಂದರಿನ ಹುಡುಗಿ, 1883ರಲ್ಲಿ ಮದುವೆ, ಆಟವಾಡುವ ವಯಸ್ಸು. ಮೊದಲ ಕೂಸು ಕೆಲವೇ ದಿನ ಬದುಕಿತು. ಆಮೇಲೆ ನಾಲ್ವರು ಗಂಡುಮಕ್ಕಳು. ದಕ್ಷಿಣ ಆಫ್ರಿಕಾದ ಕೋರ್ಟೊಂದು 1913ರಲ್ಲಿ ಕ್ರೈಸ್ತ ಪದ್ಧತಿಯ ಮದುವೆ ಮಾತ್ರ ಮದುವೆ ಅಂದಾಗ, ಈಕೆ ಸತ್ಯಾಗ್ರಹಕ್ಕೆ ಇಳಿದು ಮೂರು ತಿಂಗಳು ಕಠಿಣ ಸಜೆ ಅನುಭವಿಸಿದರು. ಗಂಡನ ನೆರಳಲ್ಲಿ ಸುಮ್ನೆ ಕೂತವರಲ್ಲ.

ಆದರೆ ತಾಯಿಯಾಗಿ ಪಟ್ಟ ಪಾಡೇ ಜಾಸ್ತಿ. ದೊಡ್ಡ ಮಗ ಹರಿಲಾಲ ಅಪ್ಪನ ಮೇಲೆ ಮುನಿದು ಮನೆ ಬಿಟ್ಟ, ಕುಡಿತಕ್ಕೆ ಬಿದ್ದ. ಕಟ್ನಿ ಸ್ಟೇಷನ್ನಿನ ಕಥೆಯೊಂದಿದೆ. ಗಾಂಧಿಯ ರೈಲು ನಿಂತಾಗ ಎಲ್ಲರೂ ಅವರಿಗೆ ಜೈಕಾರ ಹಾಕುತ್ತಿದ್ದರಂತೆ. ಒಂದೇ ಒಂದು ಧ್ವನಿ ಮಾತ್ರ ‘ಮಾತಾ ಕಸ್ತೂರಬಾ ಕೀ ಜೈ’ ಅಂದಿತು. ನೋಡಿದರೆ ಹರಿಲಾಲ, ಹರಕು ಬಟ್ಟೆಯಲ್ಲಿ. ಜೇಬಿನಿಂದ ಒಂದು ಕಿತ್ತಳೆ ತೆಗೆದು ತಾಯಿಗೆ ಕೊಟ್ಟ. ನನಗಿಲ್ವಾ ಅಂತ ಗಾಂಧಿ ಕೇಳಿದರೆ, ಇದು ಬಾಗೆ ಮಾತ್ರ ಅಂದನಂತೆ. ಅದೇ ಮಗ ಈ ಅರಮನೆಗೂ ಬಂದ. ತಾಯಿಯ ಕೊನೆಯ ದಿನಗಳು. ಕುಡಿದು ಬಂದಿದ್ದ. ಬಾ ಹಣೆ ಬಡಿದುಕೊಂಡು ಅತ್ತರು.

ಕಿರಿಯ ಮಗ ದೇವದಾಸ ಪೆನಿಸಿಲಿನ್ ತರಿಸಿದ್ದ. ಆಗ ಅದು ಹೊಸ ಔಷಧಿ, ವಿಮಾನದಲ್ಲಿ ಬಂದಿತ್ತು. ಕೆಲವು ತಾಸಿಗೊಮ್ಮೆ ಸೂಜಿ ಚುಚ್ಚಬೇಕು ಅಂತ ತಿಳಿದಾಗ ಗಾಂಧಿ ಬೇಡ ಅಂದರು. ಸಾಯುವ ಜೀವಕ್ಕೆ ಯಾಕೆ ಹಿಂಸೆ ಅನ್ನುವುದು ಅವರ ಮಾತು. 1944ರ ಫೆಬ್ರವರಿ 22, ಶಿವರಾತ್ರಿ. ಗಂಡನ ತೊಡೆಯ ಮೇಲೆ ತಲೆಯಿಟ್ಟು ಬಾ ಹೋದರು. ಆಗ 74 ವರ್ಷ.

ಇದನ್ನೆಲ್ಲ ನಾನು ಹೇಳುತ್ತಿದ್ದರೆ ಅತ್ತೆ ಅಲ್ಲೇ ನಿಂತುಬಿಟ್ಟರು.

“ಮಗಾ ತರಿಸಿದ ಔಷಧಿ ಯಾಕ ಬ್ಯಾಡ ಅಂದ್ರವಾ?”

“ಆಕೀಗೆ ತ್ರಾಸ ಆಗಬಾರದಂತ, ಅತ್ತಿ.”

“ತ್ರಾಸ ಆದ್ರ ಆಗ್ಲಿ. ನಾ ಆಗಿದ್ರ ಚುಚ್ಚಸ್ತಿದ್ದೆ.”

ಸಮಾಧಿ ಅರಮನೆಯ ಹಿಂಭಾಗದಲ್ಲಿದೆ. ಹೋಗುವವರು ಅದನ್ನು ಬಿಡಬೇಡಿ, ಬಹಳ ಜನ ಕೋಣೆ ನೋಡಿ ಹಾಗೇ ಹೊರಟುಬಿಡುತ್ತಾರೆ. ಬಾ ಮತ್ತು ಮಹಾದೇವ ದೇಸಾಯಿ ಅಕ್ಕಪಕ್ಕ ಇದ್ದಾರೆ. ಗಾಂಧಿ ತಾವೇ ನೂತ ನೂಲಿನ ಸೀರೆ ಉಡಿಸಿ ಬಾ ಅವರನ್ನು ಕಳಿಸಿಕೊಟ್ಟರು. ಚಿತೆ ಉರಿದು ಮುಗಿಯುವ ತನಕ ಅಲ್ಲಿಂದ ಏಳಲಿಲ್ಲ. ಒಳಗೆ ಹೋಗಿ ಅಂದವರಿಗೆ, ಇಷ್ಟು ವರ್ಷ ಜೊತೆಗಿದ್ದು ಈಗ ಬಿಟ್ಟು ಹೋದರೆ ಅವಳು ಕ್ಷಮಿಸುವುದಿಲ್ಲ ಅಂದರಂತೆ.

ಊಟಕ್ಕೆ ಕೂತಾಗಲೂ ಅತ್ತೆಯ ಸಿಟ್ಟು ಇಳಿದಿರಲಿಲ್ಲ. ಎರಡನೇ ಭಾಕ್ರಿ ಮುರಿಯುತ್ತಾ ತೀರ್ಪು ಕೊಟ್ಟರು: “ಅಜ್ಜ ಚಿತಿ ಬಿಟ್ಟು ಏಳಲಿಲ್ಲ ಅಂದಿ ಅಲ್ಲ? ಅದಕ್ಕ ಬಿಟ್ಟೇನಿ ನೋಡ.”