ಬೂಷ್ಟು ಹಿಡಿದ ಹಾರರ್

ಈ ಮಳೆಗಾಲ ಮಲೆನಾಡಿನ ನಮ್ಮ ಹೊಸನಗರದಲ್ಲಿ ಕೂತು ಓದಿದ್ದೆಲ್ಲ ಬರೀ ಥ್ರಿಲ್ಲರ್, ಹಾರರ್. ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ.

2019ರ 'ದ ಸೈಲೆಂಟ್ ಪೇಷಂಟ್' ಬಗ್ಗೆ ಎಲ್ಲರೂ ಹೊಗಳುವವರೇ. ಗಂಡನಿಗೆ ಗುಂಡು ಹೊಡೆದ ಹೆಂಡತಿ ಆಮೇಲೆ ಬಾಯೇ ಬಿಡುವುದಿಲ್ಲ. ಶುರು ಜೋರಾಗಿದೆ, ಪುಟ ಓಡುತ್ತದೆ. ಆದರೆ ಕೊನೆಯ ತಿರುವಿಗಾಗಿಯೇ ಇಡೀ ಕಥೆ ಕಟ್ಟಿದ ಹಾಗಿದೆ. ಗುಟ್ಟು ಗೊತ್ತಾದ ಮೇಲೆ ಇನ್ನೊಮ್ಮೆ ಓದುವ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಓದಲು ಅಡ್ಡಿಯಿಲ್ಲ.

ನಿಜಕ್ಕೂ ಹಿಡಿದು ಕೂರಿಸಿದ್ದು ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ 'ಮೆಕ್ಸಿಕನ್ ಗೋಥಿಕ್' (2020). ಬೆಟ್ಟದ ಮೇಲೊಂದು ಹಳೇ ಮನೆ, ಸುತ್ತ ಮಂಜು, ಒಳಗೆಲ್ಲ ತೇವ. ಗೋಡೆಯಲ್ಲಿ ಅಣಬೆ ಜಾತಿಯದೇನೋ ಜೀವಂತವಾಗಿ ಹಬ್ಬಿರುತ್ತದೆ. ಬಯಲುಸೀಮೆಯವರಿಗೆ ಇದು ಬರೀ ಕಲ್ಪನೆ ಇರಬಹುದು. ನಮಗೆ? ಆಷಾಢದಲ್ಲಿ ಬೀರು ತೆಗೆದರೆ ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮು, ಎಲ್ಲಕ್ಕೂ ಬಿಳಿ ಬೂಷ್ಟು. ಆ ಪುಸ್ತಕದ ಬೆನ್ನಿಗೂ ಹಿಡಿದಿತ್ತು! ಒಣ ಬಟ್ಟೆಯಲ್ಲಿ ಒರೆಸಿಟ್ಟರೆ ಮತ್ತೆ ಅದೇ ಜಾಗದಲ್ಲಿ ಹಾಜರ್. "ರಾತ್ರಿ ಹೊತ್ತು ಇದನ್ನೆಲ್ಲ ಎಂತಕ್ಕೆ ಓದ್ತೀಯ ಮಾರಾಯ್ತಿ" ಅಂತ ಅತ್ತಿಗೆ ಬೈದರು. ಮೊದಲರ್ಧ ನಿಧಾನ, ಸ್ವಲ್ಪ ಬೇಜಾರೂ ಆಗುತ್ತದೆ. ಆಮೇಲೆ ಕೆಳಗಿಡಲು ಬಿಡುವುದಿಲ್ಲ.

ರಕ್ತಕ್ಕಿಂತ ಜಾಗವೇ ಜಾಸ್ತಿ ಹೆದರಿಸುತ್ತದೆ, ಅಲ್ವಾ? ತೇಜಸ್ವಿಯವರ 'ಜುಗಾರಿ ಕ್ರಾಸ್' ನೋಡಿ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ನಮ್ಮದೇ ಘಟ್ಟ, ಅಷ್ಟರಲ್ಲೇ ಎದೆ ಡವಗುಟ್ಟುತ್ತದೆ. ಕೆಲವು ಥ್ರಿಲ್ಲರ್‌ಗಳಲ್ಲಿ ಬರುವ ಹಾಗೆ ಕೊಲೆಗಾರ ಸುಮ್ನೆ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಅಧ್ಯಾಯಗಳು ಅದಕ್ಕೆ ಬೇಕಾಗಲಿಲ್ಲ.

ಈಚೆಗೆ ಯಾರಾದರೂ ಮಲೆನಾಡಿನ ಮಳೆಯಲ್ಲೇ ನಡೆಯುವ ಹಾರರ್ ಕಾದಂಬರಿ ಬರೆದಿದ್ದರೆ ಹೆಸರು ಹೇಳಿ. ಮೋಹಿನಿ, ಬಿಳಿ ಸೀರೆ ಇದ್ದರೆ ಬೇಡ.