ಅವರೆ ಸೀಸನ್, ಮಗಳ ತಟ್ಟೆ

ಕೋಲಾರದ ಚಳಿ, ಸೊಗಡವರೆ. ನೆನೆಸಿಟ್ಟ ಕಾಳು ಹಿದುಕೋಕೆ ಇವತ್ತು ಮನೆಮಂದಿಯೆಲ್ಲ ಕೂತ್ವಿ.
ಚಿಟಕ್ ಅಂತ ಸಿಪ್ಪೆಯಿಂದ ಬೇಳೆ ಹಾರಿಸೋದ್ರಲ್ಲಿ ಮಗಳೇ ಎಕ್ಸ್‌ಪರ್ಟ್. ತಿನ್ನೋ ಹಾಗಿಲ್ಲ, ಅಷ್ಟೇ.

ಪಿಕೆಯು (PKU) ಅನ್ನೋ ಕಾಯಿಲೆ ಅವಳಿಗೆ. ಹುಟ್ಟಿನಿಂದ್ಲೇ.
ಪ್ರೋಟೀನ್‌ನಲ್ಲಿರೋ ಫಿನೈಲಾಲನಿನ್ ಅನ್ನೋ ಅಂಶ ಅವಳ ಮೈಯಲ್ಲಿ ಸರಿಯಾಗಿ ಅರಗಲ್ಲ. ರಕ್ತದಲ್ಲಿ ಏರಿದ್ರೆ ಮೆದುಳಿಗೆ ಪೆಟ್ಟು.
1 ಗ್ರಾಂ ಪ್ರೋಟೀನ್ ಅಂದ್ರೆ ಸುಮಾರು 50 ಮಿಲಿಗ್ರಾಂ ಅದು. ಹಾಗಾಗಿ ರಾಗಿ ಮುದ್ದೆ ಕೂಡ ತಕ್ಕಡಿ ಹತ್ತೇ ಅವಳ ತಟ್ಟೆಗೆ ಇಳಿಯೋದು.

ಅವಳಿಗೆ ಸಬ್ಬಕ್ಕಿ, ಟೊಮೆಟೊ ಗೊಜ್ಜು. ಜೊತೆಗೆ ಫಿನೈಲಾಲನಿನ್ ಇಲ್ಲದ ಪ್ರೋಟೀನ್ ಫಾರ್ಮುಲಾ, ಮೂಗು ಮುಚ್ಕೊಂಡು ಕುಡೀತಾಳೆ (ವಾಸನೆ ನೋಡಿದೋರಿಗೇ ಗೊತ್ತು).

"ಒಂದೇ ಒಂದು ಸ್ಪೂನ್ ಸಾರು, ಏನಾಗತ್ತೆ?" ಅಂದ್ರು ದೊಡ್ಡಮ್ಮ.
ಮಗಳ ಉತ್ತರ: "ನಿಮ್ಗೆ ಶುಗರ್ ಅಲ್ವಾ ಅಜ್ಜಿ, ಒಂದೇ ಒಂದು ಜಿಲೇಬಿ ಕೊಡ್ಲಾ?"